ಕಕ್ಕಡದ ಮಳೆಯಲ್ಲಿ ಕಕ್ಕಬೆಗೆ

ಗುರುವಾರ: ಮೈಸೂರು – ಮಡಿಕೇರಿ

ಜುಲೈ ಕೊನೆಯಲ್ಲಿ ಕೊಡಗಿಗೆ ಹೊರಟಿದ್ದೇವೆ ಅಂದಾಗ ಮನೆಯಲ್ಲಿ ಯಾರಿಗೂ ಖುಷಿಯಾಗಲಿಲ್ಲ. "ದಸರಾ ಕಳೆದ ಮೇಲೆ ಹೋದ್ರೆ ಆಗಲ್ವಾ?" ಎಂದರು ಅಮ್ಮ. "ರಸ್ತೆ ಪಕ್ಕದ ಬರೆ ಕುಸಿದು ಸಿಕ್ಕಿಹಾಕ್ಕೊಂಡ್ರೆ ನನಗೆ ಫೋನ್ ಮಾಡಬೇಡಿ" ಎಂದರು ಭಾವ. ಅಕ್ಕನಿಗೆ ಮಾತ್ರ ಮಳೆಗಾಲವೇ ಬೇಕಿತ್ತು. ಮದುವೆಗೆ ಮುಂಚೆ ಗೋಣಿಕೊಪ್ಪಲಿನ ಬ್ಯಾಂಕೊಂದರಲ್ಲಿ ಕೆಲಸ ಮಾಡಿದವಳು. ಅಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕಕ್ಕಡ ತಿಂಗಳು. ಕಕ್ಕಡ ಅಂದರೆ ಅವಳಿಗೆ ಏಡಿ ಸಾರು, ಎಳೆ ಬಿದಿರಿನ ಕಣಿಲೆ, ಅಣಬೆ. ನನಗೆ ಬೇರೆಯೇ ಚಪಲವಿತ್ತು. ಕೊಂಡ ಗಾಡಿಯನ್ನು ಅದು ಹುಟ್ಟಿದ ಕೆಲಸಕ್ಕೆ ಒಮ್ಮೆಯಾದರೂ ಹಚ್ಚಿ ನೋಡಬೇಕಿತ್ತು.

ಗಾಡಿ ಸೆಕೆಂಡ್ ಹ್ಯಾಂಡ್ ರೆನೋ ಡಸ್ಟರ್, ಡೀಸೆಲ್, ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂಥದ್ದು. ಇಲ್ಲಿ ಈ ಮಾದರಿ 2014ರಲ್ಲಿ ಬಂತು, 2020ರಲ್ಲಿ ಬಿಎಸ್ 6 ಹೊಗೆ ನಿಯಮ ಬಂದಾಗ ಡೀಸೆಲ್ ಡಸ್ಟರೇ ನಿಂತುಹೋಯಿತು. ಈಗ ಬೇಕೆಂದರೆ ಹಳೆಯದನ್ನೇ ಹುಡುಕಬೇಕು. ಹುಡುಕುವವರು ಡಿಕ್ಕಿಯ ಮೇಲಿನ ಅಕ್ಷರ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಂಟಿಸಬಹುದು. ಒಳಗೆ ಟೂ ವೀಲ್, ಆಟೋ, ಲಾಕ್ ಎಂಬ ಮೂರು ಗುರುತಿನ ಗುಂಡಿ ಇದೆಯಾ ನೋಡಿ, ಬಗ್ಗಿ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟ್ ಇದೆಯಾ ನೋಡಿ. ಆಮೇಲೆ ಟೈರ್ ನೋಡಿ. ನಮ್ಮ ಗಾಡಿಯಲ್ಲಿ ಎರಡು ಹೊಸದು, ಎರಡು ಸವೆದದ್ದು ಇತ್ತು. ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡು ನಡೆದ ಹಾಗೆ ಅದು. ಸವೆದ ಟೈರಿನ ಸುತ್ತಳತೆ ಕಡಿಮೆ, ಅಷ್ಟೇ ದೂರಕ್ಕೆ ಹೆಚ್ಚು ಸಲ ತಿರುಗಬೇಕು. ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಕಪ್ಲಿಂಗ್ ಈ ವ್ಯತ್ಯಾಸದ ಜೊತೆ ಗುದ್ದಾಡಿ ಬಿಸಿಯಾಗುತ್ತದೆ. ಹೊರಡುವ ಹಿಂದಿನ ವಾರ ನಾಲ್ಕನ್ನೂ ಒಟ್ಟಿಗೆ ಬದಲಿಸಿದೆವು. ಇಂಥ ಗಾಡಿ ಸಾಕುವ ಖರ್ಚಿನಲ್ಲಿ ದೊಡ್ಡದು ಇದೇ: ಒಂದು ಟೈರ್ ಕೆಟ್ಟರೂ ಕಣ್ಣು ನಾಲ್ಕರ ಮೇಲೆ ಹೋಗುತ್ತದೆ.

ಕುಶಾಲನಗರದ ತನಕ ಹೇಳುವಂಥದ್ದೇನಿಲ್ಲ. ಆನೆಕಾಡು ದಾಟಿ ಸುಂಟಿಕೊಪ್ಪದಲ್ಲಿ ಕಾಫಿ ಕುಡಿಯುವಾಗ ತುಂತುರು. ಬೋಯಿಕೇರಿ ಹತ್ತಿರ ಬಂದಾಗ ಮಂಜು ರಸ್ತೆಯ ಮೇಲೇ ಕುಳಿತಿತ್ತು. ಎದುರಿನಿಂದ ಬರುವವರಲ್ಲಿ ಅರ್ಧ ಜನ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಬರುತ್ತಿದ್ದರು. ಇದು ಯಾರು ಕಲಿಸಿದ ಪಾಠವೋ! ನಿಂತಿದ್ದಾನೋ, ತಿರುಗುತ್ತಾನೋ ಏನೂ ಗೊತ್ತಾಗುವುದಿಲ್ಲ. ಡಿಮ್ ಲೈಟ್, ಇದ್ದರೆ ಫಾಗ್ ಲ್ಯಾಂಪ್, ಅಷ್ಟು ಸಾಕು. ಹೈ ಬೀಮ್ ಹಾಕಿದರೆ ಮಂಜು ಬೆಳಗುತ್ತದೆಯೇ ಹೊರತು ರಸ್ತೆಯಲ್ಲ.

ಗಾಜಿನ ಒಳಗೆ ಹಬೆ ಕಟ್ಟಿದ್ದಕ್ಕೆ ಅಕ್ಕ ವೇಲ್ ತುದಿಯಿಂದ ಒರೆಸುತ್ತ ಬಂದಳು. ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿದೆ. "ಈ ಚಳೀಲಿ ಎಸಿನಾ?" ಅಂದಳು. ಎಸಿ ಇರುವುದು ತಂಪಿಗೆ ಮಾತ್ರವಲ್ಲ, ಅದು ಗಾಳಿಯ ತೇವ ಹೀರುತ್ತದೆ. ಬಿಸಿಗಾಳಿಯ ಕಡೆಗೆ ಗುಂಡಿ ತಿರುಗಿಸಿದರೂ ಎಸಿ ಚಾಲೂ ಇರಲಿ. ಸ್ವಲ್ಪ ಹೊತ್ತಿಗೆ ಗಾಜು ತಿಳಿಯಾಯಿತು. ವೇಲ್ ಮಾತ್ರ ಒದ್ದೆ.

ಮಡಿಕೇರಿಯಲ್ಲಿ ರಾಜಾಸೀಟಿಗೆ ಹೋದರೆ ಕಟಕಟೆಯ ಆಚೆ ಬರೀ ಬಿಳಿ. ಟಿಕೆಟ್ ಕೊಟ್ಟವನೇ ನಮ್ಮನ್ನು ನೋಡಿ ನಕ್ಕ. ರಾತ್ರಿ ಬಸ್‌ಸ್ಟ್ಯಾಂಡ್ ಕಡೆಯ ಸಣ್ಣ ಹೋಟೆಲಿನಲ್ಲಿ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಪಂದಿ ಕರಿ (ಹಂದಿ ಮಾಂಸದ ಪಲ್ಯ). ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿರಸ ಸರಿಯಾಗಿ ಬಿದ್ದ ಪಂದಿ ಕರಿ ಕಪ್ಪಾಗಿರಬೇಕು, ನಾಲಿಗೆಯ ಅಂಚಿನಲ್ಲಿ ಹುಳಿ ನಿಲ್ಲಬೇಕು. ನಿಂತಿತು. ಲಾಡ್ಜಿನಾಕೆ ನಮ್ಮ ಒದ್ದೆ ಸಾಕ್ಸ್ ನೋಡಿ ಕೆಂಡದ ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹರವಿದರು. ಬೆಳಗ್ಗೆ ಅವು ಒಣಗಿದ್ದವು, ಹೊಗೆ ವಾಸನೆ ಹತ್ತಿತ್ತು. ಆ ವಾಸನೆ ಹಾಕಿಕೊಂಡೇ ಭಾಗಮಂಡಲಕ್ಕೆ ಹೊರಟೆವು.

ಶುಕ್ರವಾರ: ತಲಕಾವೇರಿ, ಮತ್ತೆ ಸುತ್ತು ದಾರಿ

ಮೇಕೇರಿ, ಬೆಟ್ಟಗೇರಿ, ಚೇರಂಬಾಣೆ. ರಸ್ತೆಯ ಎರಡೂ ಬದಿ ಕಾಫಿ, ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸು. ಮಳೆಯನ್ನು ಮರಗಳು ಹಿಡಿದಿಟ್ಟುಕೊಂಡು ದಪ್ಪ ಹನಿಯಾಗಿ ಬಿಡುತ್ತವೆ, ಹಾಗಾಗಿ ತೋಟದ ನಡುವೆ ಮಳೆ ನಿಂತದ್ದೇ ಗೊತ್ತಾಗುವುದಿಲ್ಲ. ಡಾಂಬರಿನ ಮೇಲೆ ಕೊಳೆತ ಎಲೆ. ನನಗೆ ಕೆಸರಿಗಿಂತ ಹೆಚ್ಚು ಭಯ ಇದರದ್ದು. ಕೆಸರು ಕಣ್ಣಿಗೆ ಕಾಣುತ್ತದೆ, ಎಚ್ಚರ ಇರುತ್ತದೆ. ತಿರುವಿನಲ್ಲಿ ತೆಳ್ಳಗೆ ಅಂಟಿಕೊಂಡ ಎಲೆಯ ಪದರ ಬ್ರೇಕ್ ಒತ್ತಿದ ಮೇಲಷ್ಟೇ ತಾನಿದ್ದೇನೆ ಅನ್ನುತ್ತದೆ.

ಭಾಗಮಂಡಲಕ್ಕೆ ಇನ್ನೂ ದೂರವಿದ್ದಾಗ ಗಾಡಿಗಳ ಸಾಲು. ಬರೆ ಕುಸಿದಿತ್ತು. ರಸ್ತೆ ಮಾಡಲು ಗುಡ್ಡ ಕಡಿದಾಗ ನೆಟ್ಟಗೆ ನಿಲ್ಲುವ ಮಣ್ಣಿನ ಗೋಡೆಯೇ ಇಲ್ಲಿಯವರ ಬರೆ, ಮಳೆಗಾಲದಲ್ಲಿ ಎಲ್ಲರ ಬಾಯಲ್ಲೂ ಅದರದೇ ಸುದ್ದಿ. ಇದು ಸಣ್ಣದು. ಒಂದು ಬೀಟೆ ಮರ, ಎರಡು ಲೋಡಿನಷ್ಟು ಕೆಂಪು ಮಣ್ಣು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಇಳಿದು ಬಂದದ್ದನ್ನು ಕಂಡ ಜನಕ್ಕೆ ಇಂಥದ್ದು ಲೆಕ್ಕಕ್ಕಿಲ್ಲ. ನಮ್ಮ ಹಿಂದಿನ ಪಿಕಪ್‌ನವರು ಇಳಿದು ಬೀಡಿ ಹಚ್ಚಿದರು.

ಜೆಸಿಬಿ ಹುಡುಗ ಸಿಂದಗಿ ಕಡೆಯವನು. ಕೆಲಸದ ನಡುವೆ ಕ್ಯಾಬಿನ್ನಿನಿಂದ ಇಳಿದು ಅಕ್ಕ ಫ್ಲಾಸ್ಕಿನಿಂದ ಕೊಟ್ಟ ಚಹಾ ಕುಡಿದ. "ನಮ್ಮೂರಾಗ ಮಳಿ ಬರ್ಲಿ ಅಂತ ದೇವ್ರಿಗೆ ಕಾಯಿ ಒಡೀತೀವ್ರಿ. ಇಲ್ಲಿ ಬಂದಾಗಿಂದ ನಿಲ್ಲಲಿ ಅಂತ ಒಡ್ಯಾಕತ್ತೀನಿ" ಅಂದ. ಬರೆಯ ಮೇಲೆ ಬಿರುಕು ಕಾಣುತ್ತಿದೆ, ತಾನು ಕೈ ಮಾಡಿದ ಮೇಲೆ ಒಂದೊಂದೇ ಗಾಡಿ ಬರಬೇಕು, ನಡುವೆ ನಿಲ್ಲಬಾರದು ಎಂದ. ಮರದ ಬುಡದಿಂದ ಮಣ್ಣು ಬೆರೆತ ನೀರು ಇಳಿಯುತ್ತಿತ್ತು. ತಿಳಿಯಾಗಿದ್ದ ನೀರು ಒಮ್ಮೆಲೇ ಕೆಂಪಾದರೆ ಅಲ್ಲಿ ನಿಲ್ಲಬೇಡಿ ಎಂದು ಪಿಕಪ್‌ನವರು ಸೇರಿಸಿದರು.

ಕೈ ಬಿತ್ತು. ಗುಂಡಿಯನ್ನು ಲಾಕ್‌ಗೆ ತಿರುಗಿಸಿದೆ. ಆಟೋದಲ್ಲಿ ಗಾಡಿ ಸಾಮಾನ್ಯವಾಗಿ ಮುಂದಿನ ಚಕ್ರದ ಮೇಲೇ ಓಡುತ್ತದೆ, ಅವು ಜಾರಿದಾಗ ಹಿಂದಕ್ಕೆ ಶಕ್ತಿ ಕಳಿಸುತ್ತದೆ. ಲಾಕ್ ಹಾಕಿದರೆ ಜಾರುವ ತನಕ ಕಾಯುವ ಮಾತಿಲ್ಲ, ಮೊದಲಿನಿಂದಲೇ ಮುಂದೆ ಹಿಂದೆ ಎರಡೂ ಎಳೆಯುತ್ತವೆ. ಈ ಗಾಡಿಯ ಒಂದನೇ ಗೇರ್ ತೀರಾ ಗಿಡ್ಡ. ಊರೊಳಗೆ ಅದೊಂದು ಕಿರಿಕಿರಿ, ಸಿಗ್ನಲ್‌ನಲ್ಲಿ ಹಾಕಿದ ಕೂಡಲೇ ಎರಡಕ್ಕೆ ಬದಲಿಸಬೇಕು. ಇಲ್ಲಿ ಅದೇ ವರ. ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮೇಲೆ ಕಾಲು ಅಲ್ಲಾಡಿಸದೆ ಇಟ್ಟೆ. ಗಾಡಿ ಸ್ವಲ್ಪ ಓರೆಯಾಯಿತು, ಮತ್ತೆ ನೆಟ್ಟಗಾಯಿತು, ಆಚೆ ಬಂತು. ಅಕ್ಕ ಕಣ್ಣು ಬಿಟ್ಟಳು. ನಮ್ಮ ಹಿಂದೆಯೇ ಪಿಕಪ್ ಕೂಡ ಬಂತು, ಯಾವ ಗುಂಡಿಯೂ ಇಲ್ಲದೆ, ಚಾಲಕನ ಬಾಯಲ್ಲಿ ಬೀಡಿ ಆರದೆ.

ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಎಲ್ಲಿ, ಗದ್ದೆ ಎಲ್ಲಿ ಗೊತ್ತಾಗದಷ್ಟು ನೀರು. ಕಾವೇರಿ, ಕನ್ನಿಕೆ, ಗುಪ್ತಗಾಮಿನಿ ಸುಜ್ಯೋತಿ ಸೇರುವ ಜಾಗವದು. ಪ್ರತಿ ಮಳೆಗಾಲ ಊರು ಎರಡಾಗುತ್ತಿತ್ತು, ಈಗ ಮೇಲ್ಸೇತುವೆ ಇದೆ. ಅದರ ಮೇಲೆ ನಿಂತು ನೋಡಿದರೆ ಕೆಳಗೆ ಮುಳುಗಿದ ಮೆಟ್ಟಿಲುಗಳು, ನೀರಿಗೆ ಸುತ್ತಿಕೊಂಡ ಬಿದಿರು. ಅಲ್ಲಿಂದ ತಲಕಾವೇರಿಗೆ 8 ಕಿಲೋಮೀಟರ್ ಏರು, 1,276 ಮೀಟರ್ ಎತ್ತರ. ಕುಂಡಿಕೆಯ ಮುಂದೆ ನಾವಿಬ್ಬರೇ. ಗಾಳಿ ಕೊಡೆಯನ್ನು ಒಳಗೆ ಹೊರಗೆ ಮಾಡಿತು. ಅರ್ಚಕರು ತೀರ್ಥ ಕೊಟ್ಟು, "ಬೇಗ ಇಳೀರಿ, ಮಧ್ಯಾಹ್ನದ ಮೇಲೆ ಜೋರಾಗ್ತದೆ" ಎಂದರು. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿಯ ಪಕ್ಕೆ ಕುಸಿದು ಅರ್ಚಕರ ಮನೆಗಳನ್ನು ಕೊಚ್ಚಿಕೊಂಡು ಹೋದ ಬೆಟ್ಟ ಇದು. ಬೇಗ ಇಳಿಯಿರಿ ಎಂದು ಇಲ್ಲಿಯವರು ಹೇಳಿದರೆ ಎರಡನೇ ಸಲ ಹೇಳಿಸಿಕೊಳ್ಳಬಾರದು.

ಇಳಿಯುವಾಗ ಅಕ್ಕ ಕೇಳಿದಳು: "ಲೇ, ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತೆ ಅಂದ್ಮೇಲೆ ಬ್ರೇಕೂ ಚೆನ್ನಾಗಿ ಹಿಡಿಯುತ್ತಲ್ವಾ?" ಗಾಡಿ ಕೊಂಡವರಲ್ಲೇ ಬಹಳ ಜನ ಹಾಗೆಂದುಕೊಂಡಿರುತ್ತಾರೆ. ಇಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದು. ನಿಲ್ಲಿಸುವುದು ಟೈರ್ ಮತ್ತು ರಸ್ತೆ, ಅಲ್ಲಿ ಈ ಗುಂಡಿಯ ಆಟ ನಡೆಯುವುದಿಲ್ಲ. ಕೆಟ್ಟದ್ದೇನೆಂದರೆ, ಜಾರುವ ರಸ್ತೆಯಲ್ಲೂ ಗಾಡಿ ಸಲೀಸಾಗಿ ಹೊರಡುವುದರಿಂದ ಎಷ್ಟು ಜಾರುತ್ತಿದೆ ಎಂಬುದೇ ಚಾಲಕನಿಗೆ ತಿಳಿಯುವುದಿಲ್ಲ. ಸಾದಾ ಕಾರು ಹೊರಡುವಾಗಲೇ ಚಕ್ರ ತಿರುಗಿಸಿ ಎಚ್ಚರಿಸಿಬಿಡುತ್ತದೆ. ಹಾಗಾಗಿ ಇಳಿಜಾರಿನಲ್ಲಿ ನನ್ನದು ಎರಡನೇ ಗೇರ್, ತಿರುವಿಗೆ ಮುಂಚೆಯೇ ಬ್ರೇಕ್, ತಿರುವಿನಲ್ಲಿ ಬರೀ ಸ್ಟಿಯರಿಂಗ್. ಹಿಂದಿನಿಂದ ಬೆಂಗಳೂರು ನೋಂದಣಿಯ ದೊಡ್ಡ ಗಾಡಿಯೊಂದು ಹಾರ್ನ್ ಮಾಡಿತು. ದಾರಿ ಬಿಟ್ಟೆ.

ಭಾಗಮಂಡಲದಿಂದ ನೇರ ನಾಪೋಕ್ಲುವಿಗೆ ಹೋಗಿ ಕಕ್ಕಬೆ ಸೇರುವುದು ನಮ್ಮ ಲೆಕ್ಕ. ರಸ್ತೆಯ ಮೇಲೆ ನೀರು ಬಂದಿತ್ತು. ಆ ಬೆಂಗಳೂರಿನ ಗಾಡಿಯೂ ಅಲ್ಲೇ ನಿಂತಿತ್ತು, ಒಳಗಿನವರು ಇಳಿದು ವೀಡಿಯೊ ಮಾಡುತ್ತಿದ್ದರು. ಒಬ್ಬ ಆಟೋದವರು ನಮ್ಮ ಗಾಡಿಯ ಬೆನ್ನು ನೋಡಿ, "ಫೋರ್ ವೀಲ್ ಅಲ್ವ? ಹೋಗಬಹುದು" ಎಂದು ಹುರಿದುಂಬಿಸಿದರು. ಪಕ್ಕದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿದ್ದ ಅಜ್ಜ ಅವರಿಗೆ ಗದರಿದರು: "ನೀನು ಎಂಥ ಹೇಳುವುದು? ಮೋರಿ ಕಲ್ಲು ಕಾಣ್ತಾ ಉಂಟಾ ನಿಂಗೆ?" ಅಂಚಿನ ಕಲ್ಲು ಕಾಣದಿದ್ದರೆ ರಸ್ತೆ ಅಲ್ಲೇ ಇದೆಯೋ ಕೊಚ್ಚಿಹೋಗಿದೆಯೋ ತಿಳಿಯದು. ಹರಿಯುವ ನೀರಿಗೆ ಗಾಡಿಯನ್ನು ಎತ್ತಿ ಸರಿಸಲು ಬಹಳ ಆಳವೂ ಬೇಡ, ನೆಲ ಬಿಟ್ಟ ಚಕ್ರ ಎರಡಾದರೇನು, ನಾಲ್ಕಾದರೇನು? ತಿರುಗಿಸಿಕೊಂಡು ಮೇಕೇರಿ ತನಕ ಹಿಂದೆ ಬಂದು, ಮೂರ್ನಾಡು ಸುತ್ತಿ ನಾಪೋಕ್ಲು ಮುಟ್ಟುವಷ್ಟರಲ್ಲಿ ಸಂಜೆ. ಕಕ್ಕಬೆಯ ಹೋಂಸ್ಟೇ ಗೇಟಿನಲ್ಲಿ ಟಾರ್ಚ್ ಹಿಡಿದು ನಿಂತಿದ್ದರು ಮನೆಯವರು. "ನಾಳೆ ಬರ್ತೀರಿ ಅಂದುಕೊಂಡೆ" ಅಂದರು ಅಂಕಲ್.

ಶನಿವಾರ: ಕಕ್ಕಬೆ

ಕರೆಂಟ್ ಇರಲಿಲ್ಲ. ಎಲ್ಲೋ ಮರ ಬಿದ್ದು ಲೈನ್ ಹರಿದಿತ್ತು, ಲೈನ್‌ಮನ್‌ಗಳು ಹೆಗಲ ಮೇಲೆ ಹಗ್ಗ ಹಾಕಿಕೊಂಡು ತೋಟದೊಳಗೆ ನಡೆದು ಹೋಗುವುದು ಕಂಡಿತು. ಬೆಳಗ್ಗೆ ಅಂಕಲ್ ಮಾಡುವ ಮೊದಲ ಕೆಲಸ ಅಂಗಳದ ಮಳೆ ಮಾಪನದಿಂದ ನೀರು ಅಳೆಯುವುದು. "ಐದು ಇಂಚು ಹನ್ನೆರಡು ಸೆಂಟು." ಇಂಚಿನ ನೂರನೇ ಒಂದು ಪಾಲು ಸೆಂಟು. ಮಿಲಿಮೀಟರ್ ಹವಾಮಾನದವರಿಗೆ, ಬೆಳೆಗಾರರಿಗೆ ಇಂದಿಗೂ ಇಂಚು, ಸೆಂಟು. ತಂದೆಯ ಕಾಲದಿಂದ ಬರೆದಿಟ್ಟ ಪುಸ್ತಕ ತೋರಿಸಿದರು, ತಿಂಗಳಿಗೊಂದು ಪುಟ. ಹೀಗೇ ಬಿಡದೆ ಹೊಯ್ದರೆ ಕಾಫಿಗೆ ಕೊಳೆರೋಗ ಗ್ಯಾರಂಟಿ ಎಂದು ಒಂದು ಕೊಂಬೆ ಎತ್ತಿ ಕಪ್ಪಾಗಿ ಜೋತ ಎಲೆ ತೋರಿಸಿದರು. ಹಿಂದೆ ಕಕ್ಕಬೆ ಅಂದರೆ ಜೇನು. 1990ರ ದಶಕದ ಆರಂಭದಲ್ಲಿ ಜೇನುಹುಳಗಳಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಪೆಟ್ಟಿಗೆಗಳು ಖಾಲಿಯಾದವು. "ಈಗ ಜೇನಿಗಿಂತ ಹೋಂಸ್ಟೇ ಜಾಸ್ತಿ" ಎಂದು ನಕ್ಕರು ಆಂಟಿ.

ತಿಂಡಿಗೆ ಕಡಂಬುಟ್ಟು ಎಂಬ ಅಕ್ಕಿ ಕಡುಬು, ಬೈಂಬಳೆ ಕರಿ. ಎಳೆ ಬಿದಿರಿನ ಕಣಿಲೆಯನ್ನು ನೀರು ಬದಲಿಸುತ್ತ ನೆನೆಹಾಕಿ, ಕಹಿ ಬಿಡಿಸಿ ಮಾಡಿದ್ದು. ಮಧ್ಯಾಹ್ನಕ್ಕೆ ಗದ್ದೆಯ ಏಡಿ. ಅಕ್ಕನ ಎದುರು ಚಿಪ್ಪಿನ ರಾಶಿ ಎದ್ದಿತು, ಮಾತು ನಿಂತಿತು. ಮದ್ದುಪುಟ್ಟು ಸಿಗಬಹುದಾ ಎಂದು ಕೇಳಿದ್ದಕ್ಕೆ ಆಂಟಿ ಬೇಲಿಯ ಮದ್ದುಸೊಪ್ಪು ಮುರಿದು ಮೂಸಲು ಕೊಟ್ಟರು. ವಾಸನೆ ಇನ್ನೂ ಇರಲಿಲ್ಲ. ಆಗಸ್ಟ್ 3ರ ಆಸುಪಾಸು ಕಕ್ಕಡ ಹದಿನೆಂಟು, ಆ ದಿನಕ್ಕೆ ಹದಿನೆಂಟು ಬಗೆಯ ಮದ್ದು ಆ ಗಿಡಕ್ಕೆ ಇಳಿಯುತ್ತದೆ ಎನ್ನುವುದು ಇಲ್ಲಿಯ ನಂಬಿಕೆ. ಅಂದು ಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲಿ ಪುಟ್ಟು, ಪಾಯಸ. "ಇನ್ನು ನಾಲ್ಕು ದಿನ ಇರಿ, ಸಿಗ್ತದೆ." ಅಕ್ಕ ನನ್ನ ಮುಖ ನೋಡಿದಳು. ನನಗೆ ಸೋಮವಾರ ಆಫೀಸು.

ಮಳೆ ಸ್ವಲ್ಪ ಹಿಂದೆಗೆದಾಗ ನಾಲ್ಕುನಾಡು ಅರಮನೆಗೆ ಹೊರಟೆವು. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು, ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳಿನ ತಪ್ಪಲಲ್ಲಿ. 1834ರಲ್ಲಿ ಬ್ರಿಟಿಷರು ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಇಲ್ಲಿಯೇ ಇದ್ದ. ಕಿರಿದಾದ ರಸ್ತೆ, ಎದುರಿನಿಂದ ಗೊಬ್ಬರ ತುಂಬಿದ ಪಿಕಪ್. ದಾರಿ ಕೊಡಲು ಎಡಕ್ಕೆ ಸರಿದು ನಿಂತೆವು. ಪಿಕಪ್ ದಾಟಿದ್ದೇ ತಡ, ಮಳೆಗೆ ಒಳಗೊಳಗೇ ಕೊರೆದುಹೋಗಿದ್ದ ಅಂಚು ನಮ್ಮ ಎಡಗಡೆ ಕುಸಿಯಿತು. ಮುಂದಿನ ಎಡಚಕ್ರ ಚರಂಡಿಗೆ, ಅದರ ಎದುರು ಮೂಲೆಯ ಹಿಂದಿನ ಬಲಚಕ್ರ ಗಾಳಿಯಲ್ಲಿ. ಬೆಲೆ ಕೊಟ್ಟು ತಂದ ನಾಲ್ಕು ಚಕ್ರದ ಶಕ್ತಿಯ ಮಿತಿ ಇಲ್ಲೇ ಕಂಡದ್ದು. ಲಾಕ್ ಎಂದರೆ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಗಂಟು ಹಾಕಿದ್ದು ಅಷ್ಟೇ. ಒಂದೊಂದು ಜೋಡಿಯೊಳಗೆ ಎಡ-ಬಲಕ್ಕೆ ಗಂಟಿಲ್ಲ, ಹಿಡಿತ ತಪ್ಪಿದ ಚಕ್ರ ತಿರುಗುತ್ತದೆ, ನೆಲದ ಮೇಲಿರುವುದು ಸುಮ್ಮನಿರುತ್ತದೆ. ನಮ್ಮಲ್ಲಿ ಮುಂದೊಂದು ಹಿಂದೊಂದು ತಿರುಗಿದವು, ಗಾಡಿ ಇದ್ದಲ್ಲೇ ಇತ್ತು.

ಪಿಕಪ್‌ನವನು ಹಿಂದೆ ಬಂದ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಅಸ್ಸಾಮಿನ ನಾಲ್ಕೈದು ಹುಡುಗರು ಬಂದರು. ಯಾರೋ, "ಮುಂದೆ ಎತ್ತಿ ಕಟ್ಟಿ ಮಡಿಕೇರಿಗೆ ಎಳೆದುಕೊಂಡು ಹೋದರಾಯ್ತು" ಎಂದರು. ಅದೊಂದು ಮಾತ್ರ ಕೂಡದು. ಎರಡು ಚಕ್ರ ಎತ್ತಿ ಎರಡನ್ನು ರಸ್ತೆಯ ಮೇಲೆ ಉರುಳಿಸುತ್ತ ದೂರ ಎಳೆದರೆ ಕಪ್ಲಿಂಗ್ ಕೆಡಬಹುದು, ಇಂಥ ಗಾಡಿ ಕೆಟ್ಟರೆ ನಾಲ್ಕೂ ಚಕ್ರ ಮೇಲಿರುವ ಲಾರಿಯೇ ಬೇಕು. ಇನ್ಶೂರೆನ್ಸ್‌ನವರಿಗೆ ಫೋನ್ ಮಾಡುವಾಗ ಇದನ್ನು ಮೊದಲೇ ಹೇಳಬೇಕು. ಅಷ್ಟೆಲ್ಲ ಬೇಕಾಗಲಿಲ್ಲ. ಹುಡುಗರು ಚರಂಡಿಯಲ್ಲಿದ್ದ ಚಕ್ರದ ಕೆಳಗೆ ಕಲ್ಲು ಜೋಡಿಸಿದರು, ಮೂವರು ಎದ್ದ ಮೂಲೆಯ ಬಂಪರ್ ಮೇಲೆ ಭಾರ ಹಾಕಿ ನಿಂತರು. ರಿವರ್ಸ್ ಹಾಕಿ, ಎಂಜಿನ್ ಗರ್ಜಿಸದಂತೆ ನಿಧಾನಕ್ಕೆ ಕ್ಲಚ್ ಬಿಟ್ಟೆ. ಹಿಂದಿನ ಚಕ್ರ ನೆಲ ಹಿಡಿದ ಕ್ಷಣ ಗಾಡಿ ಮೇಲೆ ಬಂತು. ಸೈಲೆನ್ಸರ್ ಕೆಳಗೆ ತಟ್ಟಿದ ಸದ್ದು ಬಿಟ್ಟರೆ ನಷ್ಟವಿಲ್ಲ. ಹುಡುಗರು ದುಡ್ಡು ಬೇಡವೆಂದರು, ಡಿಕ್ಕಿಯಲ್ಲಿದ್ದ ಕುಶಾಲನಗರದ ಬಿಸ್ಕತ್ತು, ಬಾಳೆಹಣ್ಣು ತೆಗೆದುಕೊಂಡರು.

ಅರಮನೆ ನೋಡಿ ಬಂದಾಗ ಅಕ್ಕನ ಕಾಲ್ಬೆರಳ ಸಂದಿಯಲ್ಲಿ ಮೂರು ಜಿಗಣೆ. ಆಂಟಿ ಉಪ್ಪಿನ ಪೊಟ್ಟಣ ತಂದರು. ಅಂಕಲ್ ಬಗ್ಗಿ ನಮ್ಮ ಗಾಡಿಯ ಹೊಟ್ಟೆ ನೋಡಿ, "ಒಳ್ಳೆ ಗಾಡಿಯೇ. ಲೋ ಗೇರ್ ಇಲ್ಲ, ಅಲ್ವ?" ಎಂದು ನನ್ನನ್ನು ಶೆಡ್ಡಿಗೆ ಕರೆದೊಯ್ದರು. ಅಲ್ಲಿ ಹಳೆಯ ಮಹೀಂದ್ರ ಜೀಪು, ನಾಲ್ಕೂ ಟೈರಿಗೆ ಕಬ್ಬಿಣದ ಚೈನ್ ಬಿಗಿದಿತ್ತು. ತೋಟದ ಮೇಲಿನ ಕಟ್ಟೆಗೆ ಪಾಚಿ ಕಟ್ಟಿದ ಕಲ್ಲು ಹಾದಿ, ಮಳೆಗಾಲ ಮುಗಿಯುವ ತನಕ ಚೈನ್ ಬಿಚ್ಚುವುದಿಲ್ಲವಂತೆ. ಕೂರಿಸಿಕೊಂಡು ಹತ್ತಿಸಿದರು. ಬಾಗಿಲಿಲ್ಲ, ಮೈಯೆಲ್ಲ ಕೆಸರು, ಜೀಪು ಮಾತ್ರ ಲೋ ಗೇರಿನಲ್ಲಿ ನಡೆಯುವವರ ವೇಗದಲ್ಲಿ ಒಂದೇ ಸಮನೆ ಹತ್ತಿತು. ಅದೇ ಏರಿನ ಬುಡದಲ್ಲಿ ನನ್ನ ಗಾಡಿ ನಿಲ್ಲಿಸಿ ಬಂದಿದ್ದು ಒಳ್ಳೆಯದೇ ಆಯಿತು. ಆದರೆ ಆ ಜೀಪಿನಲ್ಲಿ ಮೈಸೂರಿಗೆ ಹೋಗು ಎಂದರೆ ನಾನು ಒಲ್ಲೆ, ಸೊಂಟ ಉಳಿಯುವುದಿಲ್ಲ.

ಭಾನುವಾರ: ಇಳಿದಾರಿ

ವಿರಾಜಪೇಟೆಯಲ್ಲಿ ಬಿಸಿಲು! ಗೋಣಿಕೊಪ್ಪಲಿನಲ್ಲಿ ಅಕ್ಕ ತನ್ನ ಹಳೆಯ ಬ್ಯಾಂಕ್ ಹುಡುಕಿದಳು, ಅಲ್ಲಿ ಈಗ ಮೊಬೈಲ್ ಅಂಗಡಿ. ಪಕ್ಕದ ದಿನಸಿ ಅಂಗಡಿಯ ಹಿರಿಯರು ಅವಳನ್ನು ಗುರುತಿಸಿ, "ಮೇಡಂ, ದಪ್ಪ ಆಗಿದ್ದೀರಿ" ಎಂದರು. ಆ ಖುಷಿಗೋ ಸಿಟ್ಟಿಗೋ ಎರಡು ಬಾಟಲಿ ಕಾಚಂಪುಳಿ ಕೊಂಡಳು. ಮುಚ್ಚಳದ ಸುತ್ತ ಪ್ಲಾಸ್ಟಿಕ್ ಬಿಗಿದು ನೆಟ್ಟಗೆ ನಿಲ್ಲಿಸಿ ತರಬೇಕು, ಚೆಲ್ಲಿದರೆ ಕಲೆಯೂ ವಾಸನೆಯೂ ವರ್ಷ ಹೋಗುವುದಿಲ್ಲ.

ತಿತಿಮತಿ, ಆನೆಚೌಕೂರು ಕಾಡು, ರಸ್ತೆಯಂಚಿನಲ್ಲಿ ಜಿಂಕೆ. ಹುಣಸೂರಿನ ಕಡೆ ಬಂದರೆ ತಂಬಾಕಿನ ಹೊಲ, ಒಣ ರಸ್ತೆ. ಗುಂಡಿ ಟೂ ವೀಲ್‌ಗೆ ಬಂತು. ಈ ಸುತ್ತಾಟದಲ್ಲಿ ಗಾಡಿ ಲೀಟರಿಗೆ ಹನ್ನೆರಡು ದಾಟಲಿಲ್ಲ, ಭಾವನಿಗೆ ಹೇಳುವಾಗ ಹದಿನಾಲ್ಕು ಎಂದು ಇಬ್ಬರೂ ಒಪ್ಪಿಕೊಂಡೆವು.

ಹುಣಸೂರಿನಲ್ಲಿ ವಾಟರ್ ಸರ್ವಿಸ್ ಕಂಡು ನಿಲ್ಲಿಸಿದೆವು. ಮನೆಗೆ ಹೋಗಿ ತೊಳೆದರಾಯಿತು ಅನ್ನುವಂತಿಲ್ಲ, ಕೆಂಪು ಮಣ್ಣು ಚಕ್ರದ ಒಳಬದಿಯಲ್ಲಿ ಒಣಗಿ ಕುಳಿತರೆ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಬಾನೆಟ್ ಎತ್ತಿ ಗಾಜಿನ ಬುಡದಲ್ಲಿ ಸೇರಿದ್ದ ಎಲೆಗಳನ್ನೂ ಬಾಚಿ ತೆಗೆದೆ, ಅಲ್ಲಿ ನೀರು ಹೋಗುವ ತೂತು ಕಟ್ಟಿದರೆ ಮಳೆ ಕಾರಿನೊಳಗೆ ಇಳಿಯುತ್ತದೆ. ಹುಡುಗ ಗಾಡಿಯನ್ನು ಮೇಲಕ್ಕೆತ್ತಿ ಪೈಪ್ ಹಿಡಿದ. ಮಣ್ಣು, ಕಾಫಿ ಎಲೆ, ಆಮೇಲೆ ಸಸ್ಪೆನ್ಷನ್ನಿನ ಸಂದಿಯಿಂದ ಮೊಳದುದ್ದದ ಕೊಂಬೆ.

"ಕೊಡಗಿಂದ ಬಂದ್ರಾ ಅಕ್ಕಾ?"

"ಹೂಂ. ಎಷ್ಟು?"

"ಬೋರ್ಡಲ್ಲಿ ನಾನೂರು ಅಂತಿದೆ. ಕೊಡಗಿನ ಗಾಡಿಗೆ ಐದು ನೂರು."